ಟೊಟೊರೊ ಇಷ್ಟಪಟ್ಟ ಮಕ್ಕಳಿಗೆ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ತೋರಿಸಬಹುದೇ?

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆರು ವರ್ಷದ ಮಗಳಿಗೆ ಈಗ ಬೇಡ, ಖಂಡಿತ ಬೇಡ. ಹನ್ನೊಂದರ ಮಗನಿಗೆ ತೋರಿಸಬಹುದು. ಆದರೆ ನೀವು ಪಕ್ಕದಲ್ಲಿ ಕೂತಿರಬೇಕು, ತಂಗಿ ಆ ಹೊತ್ತಿಗೆ ಮನೆಯಲ್ಲಿ ಇರಬಾರದು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡುವ ಯೋಚನೆ ಇದ್ದರೆ ದಯವಿಟ್ಟು ಅದನ್ನು ಬಿಟ್ಟುಬಿಡಿ.

ನೀವು ಬರೆದದ್ದು ಇಷ್ಟು: ಮಕ್ಕಳಿಬ್ಬರೂ 'ಮೈ ನೈಬರ್ ಟೊಟೊರೊ' ಬಾಯಿಪಾಠ ಆಗುವಷ್ಟು ನೋಡಿದ್ದಾರೆ. ಇದೂ ಅದನ್ನು ಮಾಡಿದ ಜಪಾನಿನ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಘಿಬ್ಲಿಯದೇ ಸಿನಿಮಾ, ಪೋಸ್ಟರಿನಲ್ಲೂ ಅಣ್ಣ ತಂಗಿ, ಸುತ್ತ ಮಿಂಚುಹುಳ. ಯುದ್ಧದ ಕಥೆ ಅಂತ ಕೇಳಿದ್ದೀರಿ, ಆದರೂ ಮಕ್ಕಳ ಸ್ಟುಡಿಯೋ ಅಲ್ವಾ, ಅಷ್ಟೇನೂ ಇರಲಿಕ್ಕಿಲ್ಲ ಅಂದುಕೊಂಡಿದ್ದೀರಿ.

ಆ ಪೋಸ್ಟರನ್ನೇ ಇನ್ನೊಂದು ಸಲ ನೋಡಿ. ಮೊಬೈಲಿನಲ್ಲಿ ತೆಗೆದು ಬೆಳಕು ಜಾಸ್ತಿ ಮಾಡಿ. ಮೇಲಿನ ಕತ್ತಲಲ್ಲಿ ಒಂದು ಬಾಂಬರ್ ವಿಮಾನದ ಆಕಾರ ಕಾಣುತ್ತದೆ. ಮಕ್ಕಳ ಸುತ್ತ ಹೊಳೆಯುತ್ತಿರುವ ಚುಕ್ಕಿಗಳಲ್ಲಿ ಕೆಲವು ಮಿಂಚುಹುಳ, ಉಳಿದವು ಮೇಲಿಂದ ಬೀಳುತ್ತಿರುವ ಬೆಂಕಿಬಾಂಬು. ಸಿನಿಮಾ ಪೂರ್ತಿ ಹೀಗೇ ಇದೆ. ಚಂದ ಕಾಣುವುದೂ ಕೊಲ್ಲುವುದೂ ಒಂದೇ ಚೌಕಟ್ಟಿನಲ್ಲಿ.

ಸ್ಟುಡಿಯೋ ಹೆಸರು ನಂಬಿ ಮೋಸ ಹೋಗುವುದು ಹೊಸದೇನಲ್ಲ. ಈ ಎರಡೂ ಸಿನಿಮಾ 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ಒಂದೇ ದಿನ, ಒಂದೇ ಟಿಕೆಟ್ಟಿಗೆ ಜೋಡಿಯಾಗಿ ಬಿಡುಗಡೆಯಾದವು. ಟೊಟೊರೊ ನಿರ್ದೇಶಿಸಿದವರು ಹಯಾವೊ ಮಿಯಾಜಾಕಿ, ಇದನ್ನು ನಿರ್ದೇಶಿಸಿದವರು ಇಸಾವೊ ತಕಹಾತ. ಟೊಟೊರೊ ಮುಗಿಸಿ ನಗುತ್ತಾ ಕೂತ ಮಕ್ಕಳ ಮುಂದೆ ಅದೇ ಪರದೆಯ ಮೇಲೆ ಇದು ಶುರುವಾದರೆ ಹೇಗಿದ್ದೀತು ಅಂತ ಯೋಚನೆ ಮಾಡಿ. ಸ್ಟುಡಿಯೋ ಹೆಸರು ಕೆಲಸದ ಗುಣಮಟ್ಟಕ್ಕೆ ಗ್ಯಾರಂಟಿ ಕೊಡುತ್ತದೆ, ವಯಸ್ಸಿಗೆ ಕೊಡುವುದಿಲ್ಲ. ಅದೇ ಘಿಬ್ಲಿಯ 'ಪ್ರಿನ್ಸೆಸ್ ಮೊನೊನೊಕೆ'ಯಲ್ಲಿ ಬಾಣ ತಾಗಿ ಕೈ, ತಲೆ ಹಾರಿಹೋಗುತ್ತವೆ.

ಹಾಗಾದರೆ ಸರ್ಟಿಫಿಕೇಟ್ ನೋಡಿದರೆ ಸಾಕಲ್ಲ ಅಂತ ನೀವು ಕೇಳಬಹುದು. ನಮ್ಮಲ್ಲಿ ಓಟಿಟಿಗೆ 2021ರ ನಿಯಮದಲ್ಲಿ ಯು, ಯು/ಎ 7+, 13+, 16+, ಎ ಅಂತ ವಿಂಗಡಣೆ ಬಂತು, ಥಿಯೇಟರ್ ಸಿನಿಮಾಕ್ಕೂ 2023ರ ತಿದ್ದುಪಡಿ ಕಾಯ್ದೆಯಿಂದ ಅದೇ ತರಹದ ಭಾಗ ಆಯಿತು. ಒಳ್ಳೆಯದೇ. ಆದರೆ ಆ ಗುರುತುಗಳು ಅಳೆಯುವುದು ಹೊಡೆದಾಟ, ರಕ್ತ, ಬೈಗುಳ, ಮಾದಕವಸ್ತು, ಹೆದರಿಕೆ, ಇಂಥವನ್ನು. ಒಂದು ಸಿನಿಮಾದ ದುಃಖ ಎಷ್ಟು ಭಾರ ಅಂತ ಅಳೆಯುವ ಖಾನೆ ಅದರಲ್ಲಿಲ್ಲ. ಈ ಸಿನಿಮಾದಲ್ಲಿ ಮಗುವನ್ನು ಕಾಡುವುದು ರಕ್ತ ಅಲ್ಲ, ಹಸಿವು. ಹಸಿವಿಗೆ ಯಾರೂ ಚಿಹ್ನೆ ಹಾಕುವುದಿಲ್ಲ.

ಕಥೆ ಹೇಳಲೇಬೇಕು, ಇಲ್ಲದಿದ್ದರೆ ನೀವು ತೀರ್ಮಾನ ಮಾಡುವುದು ಹೇಗೆ. 1945ರ ಜೂನ್, ಎರಡನೇ ಮಹಾಯುದ್ಧದ ಕೊನೆಯ ದಿನಗಳು, ಜಪಾನಿನ ಕೋಬೆ ನಗರ. ಸೇಯ್ತಾಗೆ ಹದಿನಾಲ್ಕು, ತಂಗಿ ಸೆತ್ಸುಕೊಗೆ ನಾಲ್ಕು. ಅಪ್ಪ ನೌಕಾಪಡೆಯಲ್ಲಿ ದೂರದಲ್ಲೆಲ್ಲೋ ಇದ್ದಾರೆ. ಬಾಂಬ್ ದಾಳಿಯಲ್ಲಿ ಅಮ್ಮ ಸುಟ್ಟು ಸಾಯುತ್ತಾಳೆ. ಮೈಯೆಲ್ಲ ರಕ್ತ ಹತ್ತಿದ ಬ್ಯಾಂಡೇಜ್ ಸುತ್ತಿ ಮಲಗಿಸಿರುವ ಅಮ್ಮನನ್ನು ಮಗ ನೋಡುವುದನ್ನು ನಾವೂ ನೋಡುತ್ತೇವೆ. ಆಮೇಲೆ ಹುಳು ಬಿದ್ದ ಹೆಣ, ಸಾಮೂಹಿಕ ದಹನ. ಸಂಬಂಧಿಕರ ಹೆಂಗಸೊಬ್ಬಳ ಮನೆಯಲ್ಲಿ ಸ್ವಲ್ಪ ದಿನ ಇರುತ್ತಾರೆ. ಅಮ್ಮನ ಕಿಮೊನೊ ಕೊಟ್ಟು ಅಕ್ಕಿ ತಂದದ್ದಾಗುತ್ತದೆ. ದುಡಿಯುವವರಿಗೆ ಅನ್ನ, ಇವರಿಗೆ ನೀರುಗಂಜಿ. ಮಾತಿನ ಚುಚ್ಚು ತಡೆಯದೆ ಮಕ್ಕಳಿಬ್ಬರೂ ಕೆರೆ ಪಕ್ಕದ ಒಂದು ಪಾಳು ಗುಹೆಗೆ ಹೋಗಿ ಸಂಸಾರ ಹೂಡುತ್ತಾರೆ. ಮೊದಲ ರಾತ್ರಿ ಮಿಂಚುಹುಳ ಹಿಡಿದು ಸೊಳ್ಳೆಪರದೆಯೊಳಗೆ ಬಿಡುತ್ತಾರೆ. ಬೆಳಿಗ್ಗೆ ಅವೆಲ್ಲ ಸತ್ತಿರುತ್ತವೆ, ಸೆತ್ಸುಕೊ ಗುಂಡಿ ತೋಡಿ ಹೂಳುತ್ತಾ ಕೂತಿರುತ್ತಾಳೆ. ಅಮ್ಮ ಸತ್ತದ್ದು ಅವಳಿಗೆ ಮೊದಲೇ ಗೊತ್ತಿತ್ತು ಅಂತ ಅಣ್ಣನಿಗೆ ತಿಳಿಯುವುದು ಆಗಲೇ. ಕೊನೆಗೆ ಅವಳು ಹಸಿವಿನಿಂದ ಸಾಯುತ್ತಾಳೆ. ಅವನೂ ಸಾಯುತ್ತಾನೆ. ಇದು ಕೊನೆಯ ಗುಟ್ಟೇನಲ್ಲ, ಸಿನಿಮಾ ಶುರುವಾಗುವುದೇ ರೈಲ್ವೆ ಸ್ಟೇಷನ್ನಿನ ಕಂಬಕ್ಕೆ ಒರಗಿ ಆ ಹುಡುಗ ಸಾಯುವುದರಿಂದ. ಹಾಗಾಗಿ ನೋಡುವ ಮಗುವಿಗೆ ಕೊನೆಗೆ ಸರಿಹೋಗಬಹುದು ಅನ್ನುವ ಆಸೆಯೇ ಇಲ್ಲ.

ಟೊಟೊರೊದಲ್ಲೂ ಅಮ್ಮ ಆಸ್ಪತ್ರೆಯಲ್ಲಿ ಇರುತ್ತಾಳೆ ಅಲ್ವಾ. ಅಲ್ಲೂ ದೊಡ್ಡವಳು ಅಮ್ಮ ಸತ್ತುಹೋದರೆ ಅಂತ ಬಿಕ್ಕಿ ಅಳುತ್ತಾಳೆ. ನಿಮ್ಮ ಮಗಳು ಅದನ್ನು ತಡೆದುಕೊಂಡಿದ್ದಾಳೆ. ಮಕ್ಕಳಿಗೆ ದುಃಖ ತೋರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನಾವೆಲ್ಲ ಪುಣ್ಯಕೋಟಿ ಕೇಳಿಕೊಂಡೇ ದೊಡ್ಡವರಾದವರು. ತಾಯಿ ಸಾಯಲು ಹೊರಟಿದ್ದಾಳೆ, ಕರು ಒಂಟಿಯಾಗುತ್ತದೆ, ಮೂರು ನಾಲ್ಕು ವರ್ಷಕ್ಕೇ ಅದನ್ನು ಕೇಳಿ ಅತ್ತಿದ್ದೇವೆ. ಆದರೆ ಆ ಹಾಡಿನಲ್ಲಿ ಹಸು ಮರಳಿ ಬರುತ್ತದೆ. ಕೊಟ್ಟ ಮಾತಿಗೆ ಹುಲಿಯ ಮನಸ್ಸೇ ಕರಗುತ್ತದೆ. ಅಳು ಬಂದರೂ ಕೊನೆಗೆ ಕಾಲೂರಲು ಒಂದು ಜಾಗ ಸಿಗುತ್ತದೆ. ತಕಹಾತ ಆ ಜಾಗ ಕೊಡುವುದಿಲ್ಲ. ಕೊಡಬಾರದು ಅಂತಲೇ ಮಾಡಿದ ಸಿನಿಮಾ ಇದು. ಆರು ವರ್ಷದ ಮಗುವಿಗೆ ಆ ಜಾಗ ಬೇಕು.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು, ನಿಮ್ಮ ಪ್ರಶ್ನೆಗೆ ಬಂದ ಬೇರೆ ಉತ್ತರಗಳಲ್ಲಿ ಯಾರೂ ಇದನ್ನು ಹೇಳಿಲ್ಲ. ಎಲ್ಲರೂ 'ಎಷ್ಟು ವರ್ಷ' ಅಂತ ಮಾತ್ರ ನೋಡುತ್ತಿದ್ದಾರೆ. ಮಗು ಸಿನಿಮಾದೊಳಗೆ ಹೋಗುವುದು ತನ್ನನ್ನು ಹೋಲುವ ಪಾತ್ರದ ಮೂಲಕ. ನಿಮ್ಮ ಮನೆಯಲ್ಲಿ ಇರುವವರು ಒಬ್ಬ ಅಣ್ಣ, ಒಬ್ಬ ಪುಟ್ಟ ತಂಗಿ. ಪರದೆಯ ಮೇಲೂ ಅದೇ ಜೋಡಿ. ನಿಮ್ಮ ಮಗಳಿಗೆ ಅದು ಹಸಿದು ಸಾಯುವ ತನ್ನಂಥದೇ ಪುಟ್ಟಿಯ ಕಥೆ. ನಿಮ್ಮ ಮಗನಿಗೆ ಅದು ತಂಗಿಯನ್ನು ನೋಡಿಕೊಳ್ಳಬೇಕಿದ್ದ, ನೋಡಿಕೊಳ್ಳಲಾಗದೇ ಹೋದ ಅಣ್ಣನ ಕಥೆ. ಒಂದೇ ಸೋಫಾದಲ್ಲಿ ಕೂತು ಅವನು ಪರದೆ ನೋಡುತ್ತಾನೆ, ಪಕ್ಕಕ್ಕೆ ತಿರುಗಿ ತಂಗಿಯನ್ನೂ ನೋಡುತ್ತಾನೆ. ಹನ್ನೊಂದು ವರ್ಷದ ಹುಡುಗನ ಮೇಲೆ ಆ ಹೊರೆ ಹಾಕಬೇಡಿ.

ಇದು ನನ್ನ ಊಹೆಯಷ್ಟೇ ಅಲ್ಲ, ಕಥೆಯ ಬೇರಿನಲ್ಲೇ ಅದು ಇದೆ. ಮೂಲ ಕಥೆ ಬರೆದವರು ಅಕಿಯುಕಿ ನೊಸಾಕ, 1967ರಲ್ಲಿ. ಯುದ್ಧದ ಕೊನೆಯಲ್ಲಿ ಅವರ ಪುಟ್ಟ ತಂಗಿ ಹೊಟ್ಟೆಗಿಲ್ಲದೆ ತೀರಿಕೊಂಡಿದ್ದಳು. ತಾನು ಕಥೆಯ ಅಣ್ಣನಷ್ಟು ಒಳ್ಳೆಯವನಾಗಿರಲಿಲ್ಲ ಅನ್ನುವ ಕೊರಗು ಅವರನ್ನು ಬಿಡಲಿಲ್ಲ, ಅದಕ್ಕೇ ಇದನ್ನು ಬರೆದರು. ತಕಹಾತ ಕೂಡ ಒಂಬತ್ತು ವರ್ಷದವರಿದ್ದಾಗ, 1945ರ ಜೂನ್ 29ರ ಒಕಾಯಾಮ ನಗರದ ಮೇಲಿನ ಬಾಂಬ್ ದಾಳಿಯಲ್ಲಿ, ಮನೆಯವರಿಂದ ಬೇರ್ಪಟ್ಟು ಅಕ್ಕನ ಜೊತೆ ಓಡಿ ಬದುಕಿದವರು. ಇಬ್ಬರು ದೊಡ್ಡವರು ತಮ್ಮ ಬಾಲ್ಯದ ಗಾಯ ಇಟ್ಟುಕೊಂಡು ಮಾಡಿದ್ದು ಇದು. ಇದನ್ನು ಬರೀ ಯುದ್ಧವಿರೋಧಿ ಸಿನಿಮಾ ಅಂತ ಕರೆಯುವುದನ್ನೂ ತಕಹಾತ ಒಪ್ಪುತ್ತಿರಲಿಲ್ಲ. ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು ಸೇಯ್ತಾನ ಜಾಗದಲ್ಲಿ ತಮ್ಮನ್ನು ಇಟ್ಟು ನೋಡಲಿ ಅನ್ನುವುದು ಅವರ ಮನಸ್ಸಿನಲ್ಲಿತ್ತು. ಅಂದರೆ ಮಾಡಿದವರ ಎದುರಿಗಿದ್ದ ಪ್ರೇಕ್ಷಕರೇ ನಿಮ್ಮ ಮಕ್ಕಳಿಗಿಂತ ದೊಡ್ಡವರು.

ಹಾಗಾದರೆ ಹನ್ನೊಂದಕ್ಕೂ ಬೇಡ ಅನ್ನಬಹುದಿತ್ತು, ಆದರೂ ಯಾಕೆ ಹೂಂ ಅಂದೆ? ನಮ್ಮ ಅಕ್ಕನ ಮಗಳ ಜೊತೆ ನಾನಿದನ್ನು ನೋಡಿದ್ದೇನೆ, ಅವಳಿಗಾಗ ಹನ್ನೆರಡು. ಸಾವಿನ ದೃಶ್ಯದಲ್ಲಿ ಅವಳು ಅಳಲಿಲ್ಲ. ಅತ್ತದ್ದು ಅದಕ್ಕೂ ಎಷ್ಟೋ ಮೊದಲು. ಹಣ್ಣಿನ ಪೆಪ್ಪರಮೆಂಟಿನ ಒಂದು ತಗಡಿನ ಡಬ್ಬಿ ಇದೆ ಸಿನಿಮಾದಲ್ಲಿ. ಖಾಲಿಯಾದ ಮೇಲೆ ಅಣ್ಣ ಅದಕ್ಕೆ ನೀರು ಹಾಕಿ, ಗಲಗಲ ಅಲ್ಲಾಡಿಸಿ ಕೊಡುತ್ತಾನೆ. ಪುಟ್ಟಿ ಕುಡಿದು, ಒಂದೊಂದೇ ಹಣ್ಣಿನ ಹೆಸರು ಹೇಳಿ, ಎಲ್ಲ ರುಚಿಯೂ ಇದೆ ಅನ್ನುತ್ತಾಳೆ. ಅಲ್ಲಿ ನಮ್ಮ ಹುಡುಗಿ ದಿಂಬಿಗೆ ಮುಖ ಒತ್ತಿಕೊಂಡಳು. ನಾನು ನಿಲ್ಲಿಸಿದೆ, ಬೇಡ್ವಾ ಅಂತ ಕೇಳಿದೆ. 'ಇಲ್ಲ ಮಾಮ, ಹಾಕು' ಅಂದಳು. (ಆ ಡಬ್ಬಿ ನಿಜವಾದದ್ದು, ಸಾಕುಮಾ ಅನ್ನುವ ಕಂಪನಿಯ ಮಿಠಾಯಿ. 1908ರಿಂದ ಇದ್ದ ಆ ಮಿಠಾಯಿಯ ಕಂಪನಿ 2023ರ ಜನವರಿಯಲ್ಲಿ ಮುಚ್ಚಿತು ಅಂತ ಓದಿದಾಗ ನನಗೂ ಬೇಜಾರಾಯಿತು.)

ಮುಗಿದ ಮೇಲೆ ಅವಳು ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದಳು. 'ಮಾಮ, ಆ ಆಂಟಿ ಕೆಟ್ಟವಳಾ?' ನಾನು ನಿನಗೇನನಿಸಿತು ಅಂತ ಕೇಳಿದೆ. 'ಅವರ ಮನೇಲೂ ಅಕ್ಕಿ ಇರಲಿಲ್ಲ ಅಲ್ವಾ... ಆದ್ರೂ ಹಾಗೆ ಮಾತಾಡಬಾರದಿತ್ತು.' ಆಮೇಲೆ ಸೇಯ್ತಾ ಮೇಲೇ ಸಿಟ್ಟು. ಬ್ಯಾಂಕಲ್ಲಿ ದುಡ್ಡಿತ್ತಲ್ಲ, ಯಾಕೆ ಮೊದಲೇ ತೆಗೆಯಲಿಲ್ಲ, ಒಬ್ಬ ರೈತ ಆ ಆಂಟಿ ಮನೆಗೆ ವಾಪಸ್ ಹೋಗಿ ಸಾರಿ ಕೇಳು ಅಂದರೂ ಯಾಕೆ ಹೋಗಲಿಲ್ಲ. ಎಲ್ಲವೂ ರೇಷನ್ ಆಗಿರುವಾಗ ದುಡ್ಡಿದ್ದರೂ ಅಕ್ಕಿ ಸಿಗುವುದಿಲ್ಲ ಅಂತ ನಾನು ವಿವರಿಸಬೇಕಾಯಿತು. ಇಂಥ ಮಾತು ಆ ವಯಸ್ಸಿನ ಮಕ್ಕಳಿಂದ ಬರುತ್ತದೆ. ತಪ್ಪು ಯಾರದು ಅಂತ ಒಬ್ಬರ ಮೇಲೆ ಬೆರಳು ತೋರಿಸಲಾಗದ ಒಂದು ಕಥೆಯನ್ನು ಅವರು ತಿರುಗಿಸಿ ಮುರುಗಿಸಿ ನೋಡಬಲ್ಲರು. ಆರು ವರ್ಷಕ್ಕೆ ಅದು ಸಾಧ್ಯವಿಲ್ಲ, ಆ ವಯಸ್ಸಿಗೆ ಉಳಿಯುವುದು 'ಅವಳು ಯಾಕೆ ಏಳ್ತಿಲ್ಲ' ಅನ್ನುವುದೊಂದೇ.

ಮಗನಿಗೆ ತೋರಿಸುವುದೇ ಆದರೆ ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಒಂದೂವರೆ ಗಂಟೆಯ ಸಿನಿಮಾ, 2024ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂತು, ಸಿಗುವುದು ಕಷ್ಟವಲ್ಲ. ನಾಳೆ ಸ್ಕೂಲಿದೆ ಅನ್ನುವ ರಾತ್ರಿ ಬೇಡ. ರಜೆಯ ದಿನ ಬೆಳಿಗ್ಗೆ ಹಾಕಿ, ಮಧ್ಯಾಹ್ನ ಆಟಕ್ಕೆ ಹೋಗಲು, ಮಾತಾಡಲು ಹೊತ್ತು ಉಳಿದಿರಲಿ. ಇಬ್ಬರೂ ಸಾಯುತ್ತಾರೆ ಅಂತ ಮೊದಲೇ ಹೇಳಿಬಿಡಿ. ಸಿನಿಮಾವೇ ಹೇಳುತ್ತದೆ, ನೀವು ಹೇಳಿದರೆ ಏನೂ ಕೆಡುವುದಿಲ್ಲ, ಅವನು ಹೂಂ ಅನ್ನುವುದೋ ಬೇಡ ಅನ್ನುವುದೋ ತಿಳಿದೇ ಅನ್ನುತ್ತಾನೆ. ಬೇಡ ಅಂದರೆ ಅಲ್ಲಿಗೇ ಬಿಡಿ, ಒತ್ತಾಯ ಮಾಡಬೇಡಿ. ಈಚೆಗೆ ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡಿದ್ದರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ, ಇನ್ನೂ ಎರಡು ಮೂರು ವರ್ಷ ಕಾಯಿರಿ. ಸಿನಿಮಾ ಎಲ್ಲೂ ಹೋಗುವುದಿಲ್ಲ.

ಅಮ್ಮನ ಬ್ಯಾಂಡೇಜಿನ ದೃಶ್ಯದ ಹತ್ತಿರ ಬಂದಾಗ ಮುಂದಕ್ಕೆ ಓಡಿಸಿದರೂ ತಪ್ಪಿಲ್ಲ. ನೋಡುವಾಗ ಪಾಠ ಹೇಳಬೇಡಿ. 'ನೋಡಿದ್ಯಾ, ತಟ್ಟೆಯಲ್ಲಿ ಅನ್ನ ಬಿಡಬಾರದು' ಅನ್ನುವ ಮಾತಂತೂ ಬಾಯಿಗೆ ಬಂದರೂ ನುಂಗಿಕೊಳ್ಳಿ. ಒಂದು ಪುಟ್ಟ ಮಗುವಿನ ಸಾವನ್ನು ಊಟದ ಶಿಸ್ತಿಗೆ ಬಳಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮುಗಿದ ಮೇಲೆ ಒಂದು ಮಾತು ಮಾತ್ರ ಅವನಿಗೆ ಬಾಯಿಬಿಟ್ಟು ಹೇಳಲೇಬೇಕು. ಸೇಯ್ತಾ ಕೂಡ ಮಗುವೇ. ತಂಗಿಯನ್ನು ಉಳಿಸುವ ಕೆಲಸ ಅವನದಲ್ಲ, ಸುತ್ತ ಇದ್ದ ದೊಡ್ಡವರದು, ಆ ದೇಶದ್ದು. ನಮ್ಮ ಮನೆಯಲ್ಲಿ ಪುಟ್ಟಿಯನ್ನು ನೋಡಿಕೊಳ್ಳುವ ಜವಾಬ್ದಾರಿ ಅಪ್ಪ ಅಮ್ಮನದು, ನಿನ್ನದಲ್ಲ. ಅಣ್ಣಂದಿರಿಗೆ ನಾವು 'ತಂಗಿ ಜೋಪಾನ, ನೀನು ದೊಡ್ಡವನು' ಅಂತ ದಿನಾ ಹೇಳುತ್ತಲೇ ಇರುತ್ತೇವೆ. ಈ ಸಿನಿಮಾ ನೋಡಿದ ದಿನ ಆ ಮಾತು ಅವನ ತಲೆಯಲ್ಲಿ ಬೇರೆಯೇ ತರಹ ತಿರುಗುತ್ತಿರುತ್ತದೆ.

ಮಗಳಿಗೆ 'ಪೋನ್ಯೊ' ಹಾಕಿಕೊಡಿ, 'ಕಿಕೀಸ್ ಡೆಲಿವರಿ ಸರ್ವಿಸ್' ಕೂಡ ಈಗಲೇ ನೋಡಬಹುದು. 'ಸ್ಪಿರಿಟೆಡ್ ಅವೇ'ಯಲ್ಲಿ ಅಪ್ಪ ಅಮ್ಮ ಹಂದಿಯಾಗುವ ಜಾಗ ಕೆಲವು ಮಕ್ಕಳನ್ನು ಹೆದರಿಸುತ್ತದೆ, ಆದರೆ ಅಲ್ಲಿ ಹುಡುಗಿ ಅವರನ್ನು ಬಿಡಿಸಿಕೊಂಡು ಬರುತ್ತಾಳೆ, ಎಂಟರ ಹೊತ್ತಿಗೆ ಪರವಾಗಿಲ್ಲ. ಅಣ್ಣ ನೋಡಿದ್ದನ್ನು ತಾನೂ ನೋಡಬೇಕು ಅಂತ ಅವಳು ಹಟ ಹಿಡಿಯಬಹುದು. ಆಗ ಅದರಲ್ಲಿ ಒಬ್ಬಳು ಪುಟ್ಟ ಹುಡುಗಿ ಸತ್ತುಹೋಗುತ್ತಾಳೆ, ಅದಕ್ಕೇ ಈಗ ಬೇಡ, ಹೈಸ್ಕೂಲಿಗೆ ಬಂದ ಮೇಲೆ ಒಟ್ಟಿಗೆ ನೋಡೋಣ ಅಂತ ನಿಜವನ್ನೇ ಹೇಳಿ. ಸುಮ್ನೆ 'ಅದು ಬೋರು' ಅಂತ ಸುಳ್ಳು ಹೇಳಿದರೆ ಅಣ್ಣನ ಮುಖ ನೋಡಿಯೇ ಅವಳಿಗೆ ಗೊತ್ತಾಗುತ್ತದೆ.