ನಾಲ್ಕು ಕೀ ಕೆಟ್ಟರೆ ಫಾರ್ಮ್ಯಾಟ್ ಯಾಕೆ?

ಲ್ಯಾಪ್‌ಟಾಪ್ ರಿಪೇರಿ ಬಗ್ಗೆ ಬರುವ ಪತ್ರಗಳಲ್ಲಿ ಕೀಬೋರ್ಡ್‌ದೇ ಜಾಸ್ತಿ. ಅದರಲ್ಲೂ ಕೆಳಗಿನ ಮೊದಲ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಊರು ಬೇರೆ, ಲ್ಯಾಪ್‌ಟಾಪ್ ಬೇರೆ, ಅಂಗಡಿಯಲ್ಲಿ ಸಿಕ್ಕ ಉತ್ತರ ಮಾತ್ರ ಅದೇ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ರೀಸ್ಟಾರ್ಟ್ ಮಾಡಿ, ಧೂಳು ಊದಿ ಅಂತೆಲ್ಲ ಬರೆಯುವುದಿಲ್ಲ. ಅದನ್ನು ನೀವು ಆಗಲೇ ಮಾಡಿರುತ್ತೀರಿ.

ತಿಂಗಳ ಹಿಂದೆ ಲ್ಯಾಪ್‌ಟಾಪ್ ಮೇಲೆ ಅರ್ಧ ಲೋಟ ಟೀ ಚೆಲ್ಲಿತು. ಒರೆಸಿ, ಎರಡು ದಿನ ಅಕ್ಕಿ ಡಬ್ಬದಲ್ಲಿಟ್ಟೆ. ಆಮೇಲೆ ಚೆನ್ನಾಗೇ ಇತ್ತು. ಈಗ ನಾಲ್ಕು ಕೀ ಕೆಲಸ ಮಾಡುತ್ತಿಲ್ಲ, ಅವು ಅಕ್ಕಪಕ್ಕದವೂ ಅಲ್ಲ. ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡೋಣ, ಆಗಲೂ ಸರಿಹೋಗದಿದ್ದರೆ ಮದರ್‌ಬೋರ್ಡ್ ಹೋಗಿದೆ ಅಂತ ಲೆಕ್ಕ ಎಂದರು ಅಂಗಡಿಯವರು. ನನ್ನ ಪ್ರಾಜೆಕ್ಟ್ ವರದಿ ಅದರಲ್ಲೇ ಇದೆ. – ವಿದ್ಯಾರ್ಥಿನಿ, ದಾವಣಗೆರೆ

ಫಾರ್ಮ್ಯಾಟ್ ಮಾಡಿಸಬೇಡಿ, ಅದರಲ್ಲಿ ನಿಮ್ಮ ಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ. ಇವತ್ತೇ ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ವರದಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದದ್ದು ಆಮೇಲೆ.

ವಿಂಡೋಸ್‌ನಲ್ಲಿ ಕೀಬೋರ್ಡ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕೆಟ್ಟರೆ ಇಡೀ ಕೀಬೋರ್ಡ್ ಸುಮ್ಮನಾಗುತ್ತದೆ. ನಾಲ್ಕೇ ಕೀ ಆರಿಸಿಕೊಂಡು ಕೆಡುವುದಿಲ್ಲ. ಹೊರಗಿನ ಕೀಬೋರ್ಡ್‌ನಲ್ಲಿ ಅದೇ ನಾಲ್ಕು ಅಕ್ಷರ ಸರಿಯಾಗಿ ಬಿದ್ದರೆ ವಿಂಡೋಸ್‌ನದು ತಪ್ಪಿಲ್ಲ ಅಂತ ಗೊತ್ತಾಯಿತಲ್ವಾ? ಇದಕ್ಕೆ ಎರಡು ನಿಮಿಷ ಸಾಕು. ಈ ಪರೀಕ್ಷೆಯನ್ನೂ ಮಾಡದೆ ಫಾರ್ಮ್ಯಾಟ್ ಅನ್ನುವವರ ಕೈಗೆ ಯಂತ್ರ ಕೊಡಬೇಡಿ. ಅವರಿಗೆ ಅದು ಅರ್ಧ ದಿನದ ಕೂಲಿ, ನಿಮಗೆ ಒಂದು ವರ್ಷದ ಓದು.

ಅಕ್ಕಪಕ್ಕದಲ್ಲಿಲ್ಲದ ಕೀಗಳು ಒಟ್ಟಿಗೆ ಯಾಕೆ ಹೋದವು ಅನ್ನುವುದರಲ್ಲೇ ಉತ್ತರ ಇದೆ. ಕೀಗಳ ಕೆಳಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಗಳಿವೆ. ಅವುಗಳ ಮೇಲೆ ವಿದ್ಯುತ್ ಹರಿಯುವ ಸಣ್ಣ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ಒಂದೊಂದು ಕೀಗೆ ಒಂದೊಂದು ತಂತಿ ಇರುವುದಿಲ್ಲ. ಅಡ್ಡ ಗೆರೆ, ಉದ್ದ ಗೆರೆ ಸೇರುವ ಜಾಗದಲ್ಲಿ ಒಂದು ಕೀ, ಅಷ್ಟೇ. ಒಂದು ಗೆರೆ ತುಂಡಾದರೆ ಅದರ ಮೇಲಿರುವ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಆ ಗೆರೆ ವಕ್ರವಾಗಿ ಓಡಾಡುವುದರಿಂದ ಕೀಗಳು ದೂರ ದೂರ ಇರಬಹುದು. ಟೀ ಬಿದ್ದ ಕೀಬೋರ್ಡ್ ಬಿಚ್ಚಿ ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ: ಹೊಳೆಯುವ ಗೆರೆ ಒಂದು ಕಡೆ ಕಪ್ಪಾಗಿ, ಅಲ್ಲಿಂದ ಕೂದಲೆಳೆಯಷ್ಟು ಜಾಗ ಕರಗಿಹೋಗಿರುತ್ತದೆ. ಅಷ್ಟು ಸಾಕು.

ಹಾಗಾದರೆ ಒಂದು ತಿಂಗಳು ಹೇಗೆ ನಡೆಯಿತು? ಟೀಯಲ್ಲಿ ನೀರು ಮಾತ್ರ ಆರಿತು. ಸಕ್ಕರೆ, ಹಾಲು ಒಳಗೇ ಉಳಿದವು. ಅವು ತೇವ ಹಿಡಿದುಕೊಳ್ಳುತ್ತವೆ, ವಿದ್ಯುತ್ ಹರಿದಂತೆಲ್ಲ ಲೋಹವನ್ನು ನಿಧಾನವಾಗಿ ತಿನ್ನುತ್ತವೆ. ಅಕ್ಕಿ ಇದಕ್ಕೆ ಏನೂ ಮಾಡುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ಒಳಗಿನ ನೀರನ್ನು ಅದು ಎಳೆಯುವುದೂ ಇಲ್ಲ, ಅದರ ಪುಡಿ ಸಂದಿಯಲ್ಲಿ ಸೇರಿಕೊಳ್ಳುವುದೊಂದೇ ಲಾಭ. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿಡಬೇಡಿ ಅಂತ ಆಪಲ್ ಕಂಪನಿಯೇ 2024ರಲ್ಲಿ ಹೇಳಿದೆ. ದಯವಿಟ್ಟು ಇನ್ನಾದರೂ ಅಕ್ಕಿಯನ್ನು ಅನ್ನಕ್ಕೇ ಇಟ್ಟುಕೊಳ್ಳಿ.

ಚೆಲ್ಲಿದ ಕ್ಷಣ ಮಾಡಬೇಕಾದದ್ದು ಬೇರೆ. ಚಾರ್ಜರ್ ಕೀಳಿ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಲ್ಯಾಪ್‌ಟಾಪ್ ಬೋರಲು ಹಾಕಿ. ‘ನೋಡೋಣ’ ಅಂತ ಮತ್ತೆ ಆನ್ ಮಾಡಲೇಬೇಡಿ. ಸಾಕಷ್ಟು ಬೋರ್ಡ್‌ಗಳು ಸಾಯುವುದು ಚೆಲ್ಲಿದಾಗಲ್ಲ, ಆ ‘ನೋಡೋಣ’ದಲ್ಲಿ. ಅದೇ ದಿನ ಬಿಚ್ಚಿಸಿ, ಬ್ಯಾಟರಿ ಕನೆಕ್ಟರ್ ತೆಗೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಸಬೇಕು.

ಈಗ ನಿಮ್ಮ ಕೆಲಸ. ಕೀಬೋರ್ಡ್‌ನಿಂದ ಬೋರ್ಡ್‌ಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ಬಿಚ್ಚಿ, ತುದಿ ಒರೆಸಿ, ಮತ್ತೆ ಕೂರಿಸಲು ಹೇಳಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಅದರ ಸಣ್ಣ ಬೀಗವನ್ನು ಉಗುರಿನಿಂದ ಮೆಲ್ಲಗೆ ಎತ್ತಬೇಕು. ಜಗ್ಗಿದರೆ ಬೀಗ ಮುರಿಯುತ್ತದೆ, ಆಗ ನಿಜವಾಗಿಯೂ ಬೋರ್ಡ್ ಕೆಲಸವೇ ಬರುತ್ತದೆ. ಸರಿಹೋಗದಿದ್ದರೆ ಕೀಬೋರ್ಡ್ ಬದಲಿಸಿ. ಲ್ಯಾಪ್‌ಟಾಪ್ ಮಾದರಿಯ ಹೆಸರು ಹೇಳಿದರೆ ಸಾಲದು, ಹಳೆಯ ಕೀಬೋರ್ಡ್‌ನ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಪಾರ್ಟ್ ನಂಬರ್ ಹೇಳಿ. ಈಗಿನ ಹಲವು ಮಾದರಿಗಳಲ್ಲಿ ಸ್ಕ್ರೂ ಬದಲು ಪ್ಲಾಸ್ಟಿಕ್ ರಿವೆಟ್ ಹೊಡೆದಿರುತ್ತಾರೆ. ಅವನ್ನು ಕಿತ್ತು, ಹೊಸದನ್ನು ಕೂರಿಸಿ, ಮತ್ತೆ ಕರಗಿಸಿ ಅಂಟಿಸಬೇಕು. ಅದಕ್ಕೆ ಕೂಲಿ ಜಾಸ್ತಿ ಕೇಳಿದರೆ ಅದು ನ್ಯಾಯವೇ. ಬಿಚ್ಚಿದಾಗಲೇ ಬೋರ್ಡ್ ಮೇಲೆ ಟೀ ಕಲೆ, ಹಸಿರು ಪುಡಿ ಇದೆಯಾ ನೋಡಿಸಿ. ಇದ್ದರೆ ಅದನ್ನೂ ತೊಳೆಸದೆ ಮುಚ್ಚಬೇಡಿ. ಕೆಟ್ಟ ಕೀಬೋರ್ಡನ್ನು ಕೇಳಿ ವಾಪಸ್ ತಗೊಳ್ಳಿ.

ಕೆಲವು ಅಕ್ಷರ ಒತ್ತಿದರೆ ಅಂಕಿ ಬರುತ್ತದೆ. ವೈರಸ್ಸಾ?

ಅಲ್ಲ. ನಂಬರ್ ಲಾಕ್ ಆನ್ ಆಗಿದೆ, ಆಫ್ ಮಾಡಿ.

ಎಲ್ಲ ಕೀಗಳೂ ತಡವಾಗಿ ಬೀಳುತ್ತವೆ.

ಬಲಗಡೆಯ ಶಿಫ್ಟ್ ಮೇಲೆ ಕೈ ಇಟ್ಟು ಓದುವ ಅಭ್ಯಾಸ ಇದೆಯಾ? 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಆನ್ ಆಗುತ್ತದೆ. ಅದು ಚಿಕ್ಕ ಒತ್ತುಗಳನ್ನು ಲೆಕ್ಕಕ್ಕೆ ಹಿಡಿಯದ ವಿಂಡೋಸ್ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.

ಕನ್ನಡ ಟೈಪ್ ಮಾಡುವಾಗ ‘ಎಲ್’ ಒತ್ತಿದರೆ ಲ ಬದಲು ತ ಬರುತ್ತದೆ. ಕೀಬೋರ್ಡ್ ಬದಲಿಸಲಾ?

ಬೇಡ. ನಿಮಗೆ ಅಭ್ಯಾಸ ಆಗಿರುವುದು ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀ ವಿನ್ಯಾಸ, ವಿಂಡೋಸ್‌ನಲ್ಲಿ ಆನ್ ಆಗಿರುವುದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸ. ಅದರಲ್ಲಿ ಅಕ್ಷರಗಳ ಜಾಗವೇ ಬೇರೆ.

ಹೇರ್ ಡ್ರೈಯರ್‌ನಿಂದ ಒಣಗಿಸಬಹುದಾ?

ಬೇಡ. ಕೀಗಳ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ನೀರು ಇನ್ನೂ ಒಳಗೆ ಹೋಗುತ್ತದೆ.

ಸ್ಪೇಸ್ ಬಾರ್ ಗಟ್ಟಿಯಾಗಿದೆ. ಮುಚ್ಚಳ ಮುಚ್ಚಿದರೆ ಒಂದು ಕಡೆ ಸಂದಿ ಕಾಣುತ್ತದೆ. ಕೀಬೋರ್ಡ್ ಒತ್ತಿ ಕೂರಿಸಲಾ?

ಒತ್ತಲೇಬೇಡಿ. ಕೆಳಗೆ ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಮೇಲೆತ್ತುತ್ತಿರಬಹುದು. ಚಾರ್ಜರ್ ಕೀಳಿ, ಆಫ್ ಮಾಡಿ, ಹಾಸಿಗೆ, ಪರದೆಗಳಿಂದ ದೂರ ಇಡಿ. ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಲಿಥಿಯಂ ಬ್ಯಾಟರಿ ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ನಾಳೆ ನಾಡಿದ್ದು ಅನ್ನಬೇಡಿ, ಇವತ್ತೇ ಬ್ಯಾಟರಿ ಬದಲಿಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಸ್ಪೇಸ್ ಬಾರ್‌ಗೆ ಬೇರೆ ರಿಪೇರಿ ಬೇಕಾಗುವುದು ಕಡಿಮೆ.