ಪಂದ್ಯ ಕಾಣುತ್ತದೆ, ಗೆಳೆಯ ಕಾಣುವುದಿಲ್ಲ

ಪ್ರಿಯರೇ,

ಫುಟ್‌ಬಾಲ್ ಹುಚ್ಚಿನಿಂದ ಪರಿಚಯವಾಗಿ, ಹದಿನಾರು ವರ್ಷ ಒಡನಾಡಿ, ಈಚೆಗೆ ತೀರಿಕೊಂಡ ಗೆಳೆಯನ ಬಗ್ಗೆ ನೀವು ಕಳಿಸಿದ ‘ಕೊನೆಯ ವಿಸಿಲ್’ ಬರಹವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಪ್ರಕಟಿಸಬೇಕಾದ ಒಂದು ಬರಹ ಇದೆ, ಅದನ್ನು ಹೊರತೆಗೆಯುವುದು ಹೇಗೆ ಎಂದು ಹೇಳಲು ಈ ಪತ್ರ. ದುಃಖದಲ್ಲಿರುವವರ ಬರಹದ ಬಗ್ಗೆ ಕಡ್ಡಿ ಮುರಿದಂತೆ ಮಾತಾಡುವುದು ಕಷ್ಟವೇ. ಆದರೂ ನಿಮ್ಮ ಗೆಳೆಯನ ಪರಿಚಯವೇ ಇಲ್ಲದವರು ಇದನ್ನು ಓದಬೇಕು ತಾನೆ? ಅವರ ಪರವಾಗಿ ಯಾರಾದರೂ ಮಾತಾಡಲೇಬೇಕು.

ಸುಮಾರು 2,000 ಪದಗಳ ಬರಹದಲ್ಲಿ ಎರಡು ಪುಟ ಅರ್ಜೆಂಟೀನಾ–ಫ್ರಾನ್ಸ್ ನಡುವಿನ 2022ರ ವಿಶ್ವಕಪ್ ಫೈನಲ್‌ಗೆ ಹೋಗಿದೆ. 23ನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ, 36ಕ್ಕೆ ಡಿ ಮರಿಯಾ, 80 ಮತ್ತು 81ಕ್ಕೆ ಎಂಬಾಪೆಯ ಜೋಡಿ ಗೋಲು, ಹೆಚ್ಚುವರಿ ಸಮಯದಲ್ಲಿ 108ಕ್ಕೆ ಮತ್ತೆ ಮೆಸ್ಸಿ, 118ಕ್ಕೆ ಮತ್ತೆ ಎಂಬಾಪೆ, ಕೊನೆಗೆ ಶೂಟೌಟ್‌ನಲ್ಲಿ ಅರ್ಜೆಂಟೀನಾಗೆ 4-2. ಎಲ್ಲವೂ ಸರಿಯಾಗಿದೆ, ಎಲ್ಲವೂ ಬೇಡವಾಗಿದೆ. ಆ ಪಂದ್ಯ ನೋಡಿದವರಿಗೆ ಇದು ಗೊತ್ತು, ನೋಡದವರು ಬೇಕಾದರೆ ಅರ್ಧ ನಿಮಿಷದಲ್ಲಿ ತಿಳಿದುಕೊಳ್ಳುತ್ತಾರೆ. ಆ ಎರಡು ಪುಟಗಳಲ್ಲಿ ನಿಮ್ಮ ಗೆಳೆಯ ಎರಡೇ ಕಡೆ ಬರುತ್ತಾನೆ: ‘ಇಬ್ಬರೂ ಕುಣಿದಾಡಿದೆವು’ ಎಂಬಲ್ಲಿ, ‘ಅವನ ಕಣ್ಣು ತುಂಬಿ ಬಂದಿತ್ತು’ ಎಂಬಲ್ಲಿ. ಅವತ್ತು ಅರ್ಜೆಂಟೀನಾದ ಅಭಿಮಾನಿಗಳೆಲ್ಲ ಕುಣಿದರು, ಬಹುಪಾಲು ಮಂದಿ ಅತ್ತರು. ಅವರ ನಡುವೆ ನಿಮ್ಮವನನ್ನು ಗುರುತು ಹಿಡಿಯುವುದು ಹೇಗೆ?

ಗುರುತು ನಾಲ್ಕನೇ ಪುಟದಲ್ಲಿದೆ. ನೀವೇ ಬರೆದು, ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ: ‘ಅವನು ಚೆಂಡನ್ನು ನೋಡುತ್ತಲೇ ಇರಲಿಲ್ಲ. ಆಚೆ ಬದಿಯ ಬ್ಯಾಕ್ ಎಲ್ಲಿ ನಿಂತಿದ್ದಾನೆ ನೋಡೋ ಅಂತ ನನ್ನ ಮಂಡಿಗೆ ಗುದ್ದುತ್ತಿದ್ದ.’ ಇಡೀ ಬರಹದಲ್ಲಿ ಒಬ್ಬ ಮನುಷ್ಯ ಎದ್ದು ಕೂತದ್ದು ಇಲ್ಲಿ ಮಾತ್ರ.

ಇದನ್ನು ಬೆಳೆಸಲು ಬೇಕಾದ ಸಾಮಗ್ರಿಯೂ ನಿಮ್ಮ ಬಳಿಯೇ ಇದೆ. ಅವನು ಸ್ವತಃ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ರಕ್ಷಣಾ ಆಟಗಾರನಾಗಿ ಆಡುತ್ತಿದ್ದ ಎಂದು ಎರಡನೇ ಪುಟದಲ್ಲಿ ಹೇಳಿದ್ದೀರಿ, ಆದರೆ ಈ ಎರಡನ್ನೂ ಜೋಡಿಸಿಲ್ಲ. ಚೆಂಡು ಬಲಬದಿಯಲ್ಲಿದ್ದಾಗ ಲೆಫ್ಟ್ ಬ್ಯಾಕ್ ಗೆರೆ ಬಿಟ್ಟು ಒಳಕ್ಕೆ ಬರಬೇಕು, ನಡುವಿನ ರಕ್ಷಕ ಸೆಂಟರ್ ಬ್ಯಾಕ್‌ನ ಹತ್ತಿರ ನಿಂತು ದೂರದ ಗೋಲುಕಂಬದ ಕಡೆಯ ಜಾಗ ಕಾಯಬೇಕು. ಎದುರಾಳಿ ಉದ್ದದ ಪಾಸ್ ಕೊಟ್ಟು ಬದಿ ಬದಲಿಸಿದ ಕ್ಷಣ ಮತ್ತೆ ಹೊರಗೆ ಓಡಬೇಕು. ಒಳಗೆ ಬಂದದ್ದು ಹೆಚ್ಚಾದರೂ ಗೋಲು, ಕಡಿಮೆಯಾದರೂ ಗೋಲು. ವರ್ಷಗಟ್ಟಲೆ ಈ ಕೆಲಸ ಮಾಡಿದವನ ಕಣ್ಣು ಚೆಂಡಿಲ್ಲದ ಕಡೆಗೇ ಹೋಗುತ್ತದೆ. ಈ ಕೆಲಸವನ್ನು ನಾಲ್ಕು ಸಾಲಲ್ಲಿ ವಿವರಿಸಿದರೆ ಆ ಗುದ್ದು ಯಾಕೆ ಬೀಳುತ್ತಿತ್ತು ಎಂಬುದು ಫುಟ್‌ಬಾಲ್ ಗೊತ್ತಿಲ್ಲದವರಿಗೂ ತಿಳಿಯುತ್ತದೆ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುವುದರಿಂದ ಆಚೆ ಬದಿ ಎಷ್ಟೋ ಸಲ ಪರದೆಯಲ್ಲಿ ಬರುವುದೇ ಇಲ್ಲ. ಆಗ ಅವನು ಏನು ಮಾಡುತ್ತಿದ್ದ? ಕ್ಯಾಮೆರಾದವನನ್ನು ಬೈಯುತ್ತಿದ್ದನೇ? ಉತ್ತರ ಗೊತ್ತಿರುವುದು ನಿಮಗೊಬ್ಬರಿಗೆ.

ಹೀಗಾಗಿ ಫೈನಲ್‌ನ ಆರು ಗೋಲುಗಳಲ್ಲಿ ಐದನ್ನು ತೆಗೆಯಿರಿ, ಡಿ ಮರಿಯಾನದನ್ನು ಇಟ್ಟುಕೊಳ್ಳಿ. ಡಿ ಮರಿಯಾ ಅವತ್ತು ಎಡಬದಿಯಲ್ಲಿ ಆಡಿದ. ಪ್ರತಿದಾಳಿಯಲ್ಲಿ ಚೆಂಡು ಮೆಸ್ಸಿ, ಆಲ್ವಾರೆಸ್, ಮ್ಯಾಕ್ ಅಲಿಸ್ಟರ್ ಹೀಗೆ ಕೈಬದಲಾಗಿ (ಕಾಲುಬದಲಾಗಿ ಎನ್ನಬೇಕೇನೋ) ಕೊನೆಗೆ ಆಚೆ ಬದಿಯಿಂದ ಒಂಟಿಯಾಗಿ ಓಡಿ ಬಂದವನ ಮುಂದೆ ಬಿತ್ತು. ನಿಮ್ಮ ಗೆಳೆಯ ಜೀವಮಾನವಿಡೀ ಕಾಯುತ್ತಿದ್ದಂಥ ಜಾಗವೇ ಅದು, ಬದಿ ಮಾತ್ರ ಬೇರೆ! ಆ ಕ್ಷಣ ಅವನು ಏನಾದರೂ ಹೇಳಿದನೇ, ನಿಮಗಿಂತ ಮೊದಲೇ ಎದ್ದನೇ ಎಂದು ನೆನಪಿಸಿಕೊಳ್ಳಿ. ನೆನಪಿದ್ದರೆ ಅದೇ ನಿಮ್ಮ ಬರಹದ ನಡುಗಂಬ. ನೆನಪಿಲ್ಲದಿದ್ದರೆ ಕಟ್ಟಿ ಬರೆಯಬೇಡಿ, ಫೈನಲ್ಲನ್ನೇ ಬಿಟ್ಟು ಆ ಗುದ್ದು ಬಿದ್ದ ಯಾವುದೋ ಸಣ್ಣ ಪಂದ್ಯವನ್ನು ಹಿಡಿಯಿರಿ. ದೊಡ್ಡ ಪಂದ್ಯವೇ ಆಗಬೇಕೆಂದಿಲ್ಲ.

ಇನ್ನು ತಪ್ಪುಗಳು. ಮರಡೋನಾ ಕೈಯಿಂದ ಹೊಡೆದ ಗೋಲನ್ನು 1986ರ ಫೈನಲ್‌ನಲ್ಲಿ ಇಟ್ಟಿದ್ದೀರಿ. ಅದು ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್, ಜೂನ್ 22, 51ನೇ ನಿಮಿಷ. ಫೈನಲ್‌ನಲ್ಲಿ ಎದುರಾಳಿ ಪಶ್ಚಿಮ ಜರ್ಮನಿ; 3-2ರ ಆ ಪಂದ್ಯದಲ್ಲಿ ಮರಡೋನಾ ಗೋಲು ಹೊಡೆಯಲೇ ಇಲ್ಲ. ಎರಡನೆಯದು ಇನ್ನೂ ಮುಖ್ಯ. ನಿಮ್ಮಿಬ್ಬರ ಮೊದಲ ಜಗಳ ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿನ ಆಫ್‌ಸೈಡ್ (ಎದುರಾಳಿ ರಕ್ಷಕರನ್ನು ದಾಟಿ ನಿಂತು ಚೆಂಡು ಪಡೆಯುವ ತಪ್ಪು) ಬಗ್ಗೆ, ಅದರಲ್ಲಿ ಅವನು ‘ಆಫ್‌ಸೈಡೇ’ ಎಂದು ಸಾಧಿಸಿ ಗೆದ್ದ ಎಂದಿದೆ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್ ಈ ಮೂರರಿಂದ ನೇರವಾಗಿ ಚೆಂಡು ಪಡೆದರೆ ಆಫ್‌ಸೈಡ್ ಇಲ್ಲ. ಹಾಗಾದರೆ ನಿಯಮ ತಿಳಿದಿದ್ದೂ ನಿಮ್ಮನ್ನು ರೇಗಿಸಲು ಹಾಗೆ ಹೇಳಿದನೇ, ನಿಜಕ್ಕೂ ಗೊತ್ತಿರಲಿಲ್ಲವೇ, ಅಥವಾ ವಾದಗಳು ನಿಮ್ಮ ನೆನಪಿನಲ್ಲಿ ಅದಲುಬದಲಾಗಿವೆಯೇ? ಮೂರಕ್ಕೂ ಬೇರೆ ಬೇರೆ ಗೆಳೆಯ ಸಿಗುತ್ತಾನೆ. ಅವನೇ ತಪ್ಪು ಹೇಳಿದ್ದರೆ ಅವನ ಮಾತನ್ನು ತಿದ್ದಬೇಡಿ, ಅದು ತಪ್ಪೆಂದು ನಿಮಗೆ ಗೊತ್ತು ಎಂಬುದಷ್ಟು ಓದುಗರಿಗೆ ಕಾಣಲಿ.

ರೂಪಕಗಳಿಗೆ ಬರೋಣ. ‘ದೇವರು ಅವನಿಗೆ ರೆಡ್ ಕಾರ್ಡ್ ತೋರಿಸಿದ’ ಎಂದಿದ್ದೀರಿ. ರೆಡ್ ಕಾರ್ಡ್ ಒಂದು ಶಿಕ್ಷೆ, ನಿಮ್ಮ ಗೆಳೆಯ ಮಾಡಿದ ಫೌಲ್ ಯಾವುದು? ಆಸ್ಪತ್ರೆಯ ಕೊನೆಯ ವಾರವನ್ನು ‘ಇಂಜುರಿ ಟೈಮ್’ ಎಂದಿದ್ದೀರಿ. ಅದು ಗಾಯ, ಬದಲಿ ಆಟಗಾರರ ಪ್ರವೇಶ ಇಂಥವುಗಳಿಂದ ಪೋಲಾದ ಸಮಯವನ್ನು ರೆಫರಿ ಲೆಕ್ಕ ಹಾಕಿ ಕೊಡುವುದು, ಯಾರ ಕೃಪೆಯೂ ಅಲ್ಲ. ಫುಟ್‌ಬಾಲ್ ಬಲ್ಲ ಓದುಗ ಇಂಥ ಕಡೆ ಮುಗ್ಗರಿಸುತ್ತಾನೆ, ಗೊತ್ತಿಲ್ಲದವನಿಗೆ ಅರ್ಥವೇ ಆಗುವುದಿಲ್ಲ. ಶೀರ್ಷಿಕೆಯೂ ಸೇರಿ ಒಂಬತ್ತು ರೂಪಕಗಳಿವೆ, ಒಂಬತ್ತನ್ನೂ ತೆಗೆಯಿರಿ. ಅವುಗಳ ಜೊತೆಗೆ ‘ಸದಾ ಹಸನ್ಮುಖಿ’, ‘ಅಜಾತಶತ್ರು’, ‘ತುಂಬಲಾರದ ನಷ್ಟ’ ಕೂಡ ಹೋಗಲಿ. ಆಫ್‌ಸೈಡಿಗಾಗಿ ಮೂರು ದಿನ ಮಾತು ಬಿಟ್ಟವನು ಅಜಾತಶತ್ರು ಹೇಗಾಗುತ್ತಾನೆ?

ಭಾಷೆಯಲ್ಲಿ ಎರಡು ತೊಡಕು. ಮೊದಲ ಪುಟದಲ್ಲಿ ‘ಅವರು’, ಎರಡನೆಯದರಿಂದ ‘ಅವನು’, ಸಾವಿನ ಭಾಗದಲ್ಲಿ ಮತ್ತೆ ‘ಅವರು’. ನೀವು ಏಕವಚನದ ಗೆಳೆಯರು. ತೀರಿಕೊಂಡ ಮಾತ್ರಕ್ಕೆ ಬಹುವಚನ ಹಚ್ಚಿದರೆ ಅಪರಿಚಿತನಾಗುತ್ತಾನೆ. ಕೊನೆಯವರೆಗೂ ‘ಅವನು’ ಇರಲಿ. ಇನ್ನೊಂದು, ಕ್ರಿಯಾಪದಗಳೆಲ್ಲ ‘ಬರುತ್ತಿದ್ದ, ಬೈಯುತ್ತಿದ್ದ, ನಗುತ್ತಿದ್ದ’ ಎಂದೇ ಇವೆ. ಅಗಲಿದವರ ಬಗ್ಗೆ ಬರೆಯುವಾಗ ಇದು ತಾನಾಗಿ ಬರುತ್ತದೆ, ಯಾಕೆಂದರೆ ನೆನಪುಗಳು ಒಂದರ ಮೇಲೊಂದು ಕೂತು ಅಭ್ಯಾಸವಾಗಿ ಕಾಣುತ್ತವೆ. ಆದರೆ ದಿನವೂ ನಡೆಯುತ್ತಿದ್ದದ್ದು ಓದುಗನ ಕಣ್ಣಿಗೆ ಕಟ್ಟುವುದಿಲ್ಲ. ಎರಡು ಕಡೆಯಾದರೂ ‘ಬಂದ, ಬೈದ, ನಕ್ಕ’ ಎಂದು ಒಂದೇ ಸಂಜೆಗೆ ಇಳಿಸಿ.

ಆಸ್ಪತ್ರೆಯ ನಾಲ್ಕು ಪ್ಯಾರಾಗಳನ್ನು ಒಂದು ವಾಕ್ಯಕ್ಕೆ ತನ್ನಿ. ರೋಗದ ಹೆಸರು, ಔಷಧದ ವಿವರ, ಮನೆಯವರ ನಡುವಿನ ಮಾತುಗಳು ಬರೆಯಲು ನಿಮ್ಮವಲ್ಲ. ರೋಗದ ಹೆಸರು ಬೇಕೇಬೇಕು ಅನ್ನಿಸಿದರೆ ಮನೆಯವರ ಒಪ್ಪಿಗೆ ಪಡೆಯಿರಿ. ಪೂರ್ತಿ ಬರಹವನ್ನೂ ಅವರಿಗೆ ಮೊದಲೇ ತೋರಿಸಿ: ದಿನಾಂಕ, ಸಂಬಂಧ, ಹೆಸರುಗಳ ತಪ್ಪು ಅವರಿಗೆ ತಟ್ಟನೆ ಕಾಣುತ್ತದೆ. ಹೊಗಳಿಕೆ ಸೇರಿಸಿ ಎಂದು ಕೇಳಿದರೆ ಮಾತ್ರ ನಯವಾಗಿ ಬೇಡವೆನ್ನಿ. ಅವನ ವಾಟ್ಸ್ಆ್ಯಪ್ ಸಂದೇಶಗಳು ಹನ್ನೊಂದು ಇವೆ, ಮೂರು ಸಾಕು. ಆ ಮೂರರಲ್ಲಿ ಅವನ ಕಾಗುಣಿತದ ತಪ್ಪುಗಳು ಇದ್ದ ಹಾಗೇ ಇರಲಿ. ನೀವು ಅವನ್ನು ತಿದ್ದಿರುವುದು ಗೊತ್ತಾಗುತ್ತದೆ, ಯಾಕೆಂದರೆ ಅವನೂ ನಿಮ್ಮ ಹಾಗೇ ಬರೆಯುತ್ತಾನೆ.

ಸಾವಿನ ಸುದ್ದಿ ಮೊದಲ ಸಾಲಿನಲ್ಲಿ ಬೇಡ, ಕೊನೆಗೆ ಬಚ್ಚಿಟ್ಟು ಬೆಚ್ಚಿಬೀಳಿಸುವುದೂ ಬೇಡ. ಥ್ರೋ-ಇನ್ ಜಗಳದಿಂದ ಶುರು ಮಾಡಿ, ಎರಡನೇ ಅಥವಾ ಮೂರನೇ ಪ್ಯಾರಾದಲ್ಲಿ ‘ಅವನು ತೀರಿಕೊಂಡ’ ಎಂದು ಒಮ್ಮೆ ಹೇಳಿ ಮುಂದೆ ಹೋಗಿ. ಸಾವಿನ ಬಗೆಗಿನ ನಿಮ್ಮ ಮೊದಲ ಪ್ಯಾರಾ ಯಾರ ಶ್ರದ್ಧಾಂಜಲಿಗಾದರೂ ಹೊಂದುತ್ತದೆ, ಅದನ್ನು ಬಿಡಿ.

1,000 ಪದ ದಾಟದ ಹಾಗೆ ನೋಡಿಕೊಳ್ಳಿ. ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗೆ ಕಳಿಸಿ, ಅಚ್ಚು ಹಾಕುವುದಕ್ಕಲ್ಲ, ಅಕ್ಷರ ಹೋಲಿಸಿ ನೋಡಲು. ಮನೆಯವರು ಓದಿದ್ದಾರೆ ಎಂದು ಪತ್ರದಲ್ಲಿ ಒಂದು ಸಾಲು ಸೇರಿಸಿ. ಅವಸರವಿಲ್ಲ.

ಸಂಪಾದಕ