ಸೌಂಡೇ ಇಲ್ಲದ ಸಿನಿಮಾದಲ್ಲಿ ಹೆಜ್ಜೆ ಸದ್ದು

ಪ್ರಶ್ನೆ: ಸರ್, ಹಿಚ್‌ಕಾಕ್ ಅವರ ಮೂಕಿ ಸಿನಿಮಾ 'ದಿ ಲಾಡ್ಜರ್' ಮೊನ್ನೆ ನೋಡ್ದೆ. ಬಾಡಿಗೆಗೆ ಬಂದವನು ಮಹಡಿ ಮೇಲೆ ಓಡಾಡುವಾಗ ಕೆಳಗಿನವರು ತಲೆ ಎತ್ತಿ ನೋಡ್ತಾರೆ, ಸೀಲಿಂಗೇ ಮಾಯ ಆಗಿ ಅವನ ಕಾಲು ಕಾಣುತ್ತೆ. ಅದನ್ನ ಆ ಕಾಲದಲ್ಲಿ ಹೇಗೆ ತೆಗೆದ್ರು? ಇನ್ನೊಂದು, ಉದ್ದಕ್ಕೂ ಅವನೇ ಕೊಲೆಗಾರ ಅನ್ನೋ ಥರ ತೋರ್ಸಿ ಕೊನೇಲಿ ಅಲ್ಲ ಅಂದ್ಬಿಟ್ರು, ನಂಗೆ ಮೋಸ ಆದಂಗಾಯ್ತು. ಮೂಲ ಕತೆನೂ ಹಂಗೇನಾ?

ಉತ್ತರ: ಸಿನಿಮಾ ನೋಡದೇ ಇರೋರು ದಯವಿಟ್ಟು ನೋಡ್ಕೊಂಡು ಬಂದು ಓದಿ, ಕೊನೆ ಬಗ್ಗೆ ಹೇಳ್ಲೇಬೇಕು.

ಮೊದ್ಲು ಸೀಲಿಂಗ್. ಅದು ಗಾಜು. ದಪ್ಪ ಗಾಜಿನ ನೆಲ ಹಾಕ್ಸಿ ಅದರ ಮೇಲೆ ಬಾಡಿಗೆದಾರನ ಪಾತ್ರ ಮಾಡಿದ ಐವರ್ ನೊವೆಲ್ಲೊನ ಆಚೆಯಿಂದ ಈಚೆಗೆ ನಡೆಸಿ ಕ್ಯಾಮೆರಾನ ಕೆಳಗಿಟ್ಟು ಶೂಟ್ ಮಾಡಿದ್ರು. ಆದ್ರೆ ನನಗೆ ಅದಕ್ಕಿಂತ ಇಷ್ಟ ಆಗೋದು ಕಾಲು ಕಾಣೋಕೆ ಮುಂಚೆ ತೂಗುದೀಪ ಅಲ್ಲಾಡುತ್ತಲ್ಲ, ಅದು. ಮೇಲಿನ ಮನೇಲಿ ಯಾರೋ ಧಡಧಡ ಓಡಾಡಿದ್ರೆ ನಾವು ಮೊದ್ಲು ಫ್ಯಾನ್ ಕಡೆ ನೋಡಲ್ವಾ, ಹಂಗೆ. ಸದ್ದನ್ನ ಕೇಳ್ಸೋಕಾಗಲ್ಲ, ಸರಿ, ಸದ್ದು ಏನನ್ನ ಅಲ್ಲಾಡ್ಸುತ್ತೆ ಅಂತ ತೋರ್ಸೋಣ ಅಂತ ಯೋಚನೆ ಮಾಡಿದ್ದಾರೆ ನೋಡಿ, ಆಗ ಹಿಚ್‌ಕಾಕ್‌ಗೆ ಬರೀ 26 ವರ್ಷ! ಅದಕ್ಕೂ ಸ್ವಲ್ಪ ಮುಂಚೆ ಜರ್ಮನಿ ಸ್ಟುಡಿಯೋದಲ್ಲಿ ಕೆಲಸ ಮಾಡಿ, ಅಲ್ಲಿನ ದೊಡ್ಡ ನಿರ್ದೇಶಕ ಮುರ್ನೌ ಶೂಟಿಂಗ್ ಮಾಡೋದನ್ನ ಕಣ್ಣಾರೆ ನೋಡಿ ಬಂದಿದ್ರು, ಆ ಪಾಠ ಇಲ್ಲಿ ಎದ್ದು ಕಾಣುತ್ತೆ.

ಶುರುನಲ್ಲಿ ಕಿರುಚೋ ಹುಡುಗಿ ಮುಖಾನೂ ಗಾಜಿನದೇ ಕೆಲಸ. ಗಾಜಿನ ಮೇಲೆ ತಲೆ ಇಡ್ಸಿ, ಕೂದಲು ಹರಡಿ, ಹಿಂದಿನಿಂದ ಲೈಟ್ ಬಿಟ್ಟಿದ್ದಾರೆ, ಯಾಕಂದ್ರೆ ಈ ಕೊಲೆಗಾರ ಹುಡುಕೋದೇ ಹೊಂಬಣ್ಣದ ಕೂದಲಿನವರನ್ನ.

ಈಗ ಮೋಸದ ವಿಷಯ. ನಿಮ್ಮ ಅನುಮಾನ ಸರಿಯಾಗೇ ಇದೆ. ಕತೆ ಮೇರಿ ಬೆಲಾಕ್ ಲೌಂಡ್ಸ್ ಅವರ 1913ರ ಕಾದಂಬರಿದು, 1888ರ ಲಂಡನ್ನಿನ ಜ್ಯಾಕ್ ದಿ ರಿಪ್ಪರ್ ಕೊಲೆಗಳಿಂದ ಹುಟ್ಟಿದ್ದು, ಅದರಲ್ಲಿ ಬಾಡಿಗೆದಾರನೇ ಕೊಲೆಗಾರ. ಆದ್ರೆ ನೊವೆಲ್ಲೊ ಆಗ ಬ್ರಿಟನ್ನಿನ ದೊಡ್ಡ ಸ್ಟಾರು, ಹುಡುಗೀರ ಕನಸಿನ ಹೀರೋ, ಅವನನ್ನ ಕೊಲೆಗಾರ ಮಾಡೋ ಹಾಗೇ ಇರ್ಲಿಲ್ಲ. ಅವನೋ ಅಲ್ವೋ ಗೊತ್ತಾಗದ ಹಾಗೆ ಮುಗಿಸೋ ಆಸೆ ಇತ್ತು ಅಂತ ಹಿಚ್‌ಕಾಕ್ ಆಮೇಲೆ ಹೇಳ್ಕೊಂಡಿದ್ದಾರೆ. ಆದ್ರೂ ನನಗೆ ಈಗಿರೋ ಕೊನೆ ಮೋಸ ಅನ್ಸಲ್ಲ. ಕೋಳ ಹಾಕಿದ ಕೈ ಕಬ್ಬಿಣದ ಬೇಲಿಗೆ ಸಿಕ್ಕಾಕ್ಕೊಂಡು ಅವನು ನೇತಾಡ್ತಿರ್ತಾನೆ, ಜನ ಮುಗಿಬಿದ್ದು ಹೊಡೀತಿರ್ತಾರೆ, ಆ ಜನಕ್ಕೆ ಇದ್ದಷ್ಟೇ ಸಾಕ್ಷಿ ನಮಗೂ ಇದ್ದಿದ್ದು, ನಾವೂ ಅವನೇ ಅಂತ ತೀರ್ಮಾನ ಮಾಡಿ ಕೂತಿದ್ವಿ. ಅವನು ನಿರಪರಾಧಿ ಆಗಿದ್ರೆ ಮಾತ್ರ ಆ ಸೀನು ಹೊಟ್ಟೆ ಹಿಂಡೋದು.

ಇಂಥ ಸಿನಿಮಾನ ಡಿಸ್ಟ್ರಿಬ್ಯೂಟರ್ ರಿಲೀಸೇ ಬೇಡ ಅಂತ ಮೂಲೆಗಿಟ್ಟಿದ್ರು ಗೊತ್ತಾ? ಆಮೇಲೆ ಎಡಿಟಿಂಗ್ ಸರಿ ಮಾಡೋಕೆ ಐವರ್ ಮಾಂಟೆಗು ಅನ್ನೋರನ್ನ ಕರ್ಸಿದ್ರು, ಅವರು ಮುನ್ನೂರಕ್ಕೂ ಹೆಚ್ಚಿದ್ದ ಟೈಟಲ್ ಕಾರ್ಡ್‌ಗಳನ್ನ (ಮಧ್ಯೆ ಮಧ್ಯೆ ಮಾತು ಬರೆದು ತೋರ್ಸೋ ಫಲಕಗಳು) ಸುಮಾರು 80ಕ್ಕೆ ಇಳಿಸಿ ಕೆಲವು ಶಾಟ್ ಮತ್ತೆ ತೆಗೆಸಿದ್ರು, 1927ರಲ್ಲಿ ರಿಲೀಸ್ ಆಯ್ತು.

ನೀವು ನೋಡಿದ್ದು ಪೂರ್ತಿ ಕಪ್ಪು-ಬಿಳುಪು ಪ್ರಿಂಟ್ ಆಗಿದ್ರೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2012ರಲ್ಲಿ ಸರಿಪಡಿಸಿದ್ದನ್ನ ಹುಡುಕಿ ನೋಡಿ, ಅದರಲ್ಲಿ ಬೀದಿಯ ರಾತ್ರಿ ನೀಲಿ, ಮನೆ ಒಳಗೆ ಜೇನಿನ ಬಣ್ಣ. ರಾತ್ರಿ ಅವನು ಹೊರಗೆ ಹೋಗೋ ಶಾಟಲ್ಲಿ ಕ್ಯಾಮೆರಾ ನೆಟ್ಟಗೆ ಮೇಲಿನಿಂದ ಮೆಟ್ಟಿಲ ಬಾವಿಗೆ ಇಣುಕಿದ ಹಾಗಿರುತ್ತೆ, ಮುಖ ಕಾಣಲ್ಲ, ಮೆಟ್ಟಿಲ ಕಂಬಿ ಮೇಲೆ ಒಂದು ಬಿಳೀ ಕೈ ಮಾತ್ರ ಸುತ್ತಿ ಸುತ್ತಿ ಕೆಳಗಿಳಿಯುತ್ತೆ.